ಎರಡು ಕೈಯ ಆಟ

ಮಧುಗಿರಿಯ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಗೋಪಾಲನದು ಮೂರನೆಯ ಹಾಸಿಗೆ. ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆಯವರೆಗೆ. ಎಡಗೈಗೆ ಎರಡು ಸೂಜಿ ಚುಚ್ಚುತ್ತಿದ್ದರು. ಒಂದರಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದುಕೊಂಡು, ಇನ್ನೊಂದರಿಂದ ಒಳಗೆ ಬರಬೇಕು. ಅದು ಮುಗಿಯುವ ತನಕ ಆ ಕೈಯನ್ನು ಅಲುಗಿಸುವ ಹಾಗಿಲ್ಲ. ಬಲಗೈ ಮಾತ್ರ ಅವನದು. ಆ ಬಲಗೈಯಲ್ಲಿ ಫೋನು ಹಿಡಿದು ಅವನು ಐದು ತಿಂಗಳಿಂದ ಒಂದೇ ವಸ್ತುವನ್ನು ನೋಡುತ್ತಿದ್ದ.

ಅದೊಂದು ಆಟದ ಡಬ್ಬಿ. ಅಂಗೈಗಿಂತ ಸ್ವಲ್ಪ ಉದ್ದ. ನಡುವೆ ಪರದೆ, ಎಡಗಡೆ ನಾಲ್ಕು ದಿಕ್ಕಿಗೆ ಒತ್ತುವ ಗುಂಡಿ, ಬಲಗಡೆ ಇನ್ನು ನಾಲ್ಕು ಗುಂಡಿ. ಮೂವತ್ತು ವರ್ಷದ ಹಿಂದೆ ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮುಗಳನ್ನೆಲ್ಲ ಈ ಡಬ್ಬಿ ತಾನೇ ಆ ಹಳೇ ಯಂತ್ರವೆಂದು ನಟಿಸಿ ಆಡಿಸುತ್ತದೆ. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಚೀನಾದ ಯಾವುದೋ ಸಣ್ಣ ಕಂಪನಿ ಮಾಡುವ ಸಾಮಾನು. ಮಧುಗಿರಿಯಲ್ಲಿರಲಿ, ಬೆಂಗಳೂರಿನ ಅಂಗಡಿಗಳಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೊಂದು ಸರಿಯಾದ ಹೆಸರೂ ಇಲ್ಲ; ಲಾರಿ ನಂಬರಿನ ಹಾಗೆ ಎರಡು ಅಕ್ಷರ, ಮೂರು ಅಂಕಿ. ಆದರೂ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ಯೂಟ್ಯೂಬಿನಲ್ಲಿದ್ದರು. ಪರದೆ ಬಿಸಿಲಿಗೆ ಕಾಣುತ್ತದೆಯೇ, ಗುಂಡಿ ಒತ್ತಿದರೆ ಟಕ್ ಅನ್ನುತ್ತದೆಯೇ ಮೆತ್ತಗಿರುತ್ತದೆಯೇ, ಬ್ಯಾಟರಿ ಆರು ಗಂಟೆ ಬರುತ್ತದೆಯೇ ಏಳು ಗಂಟೆಯೇ. ಗೋಪಾಲನಿಗೆ ಅವೆಲ್ಲ ಬಾಯಿಪಾಠವಾಗಿತ್ತು. ಕೊಳ್ಳುವ ಗುಂಡಿಯವರೆಗೆ ಬೆರಳು ಹೋಗುತ್ತಿತ್ತು, ಅಲ್ಲಿ ನಿಲ್ಲುತ್ತಿತ್ತು.

ಗೋಪಾಲನಿಗೆ ನಲವತ್ತೆರಡು. ಮಧುಗಿರಿಗೆ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತ. ವಾರಕ್ಕೆರಡು ದಿನ ಇಲ್ಲಿ ಮಲಗಿ, ಉಳಿದ ದಿನ ಶಾಲೆಯ ದಾಖಲೆ ಪುಸ್ತಕಗಳ ಮುಂದೆ ಕೂತು, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯದೆ ಎರಡೂಕಾಲು ವರ್ಷ ಕಳೆದಿದ್ದ. ಮೊದಮೊದಲು ಪುಸ್ತಕ ತಂದ, ಒಂದು ಕೈಯಲ್ಲಿ ಪುಟ ತಿರುಗಿಸಲು ಬೇಸರವಾಯಿತು. ಸಿನಿಮಾ ನೋಡಿದ, ಕಥೆ ತಲೆಗೆ ಹತ್ತಲಿಲ್ಲ. ನಿದ್ದೆ ಬಂದರೆ ಯಂತ್ರದ ಕೂಗಿಗೆ ಎಚ್ಚರವಾಗುತ್ತಿತ್ತು. ಆಯಾಸ ಅನ್ನುವುದು ದುಡಿದ ಮೇಲೆ ಬರುವ ವಸ್ತು ಎಂದುಕೊಂಡಿದ್ದ ಅವನಿಗೆ, ಮಲಗಿಯೇ ಇಷ್ಟು ದಣಿಯಬಹುದೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

"ಏನ್ ಮಗ ಅದು, ದಿನಾ ಅದ್ನೇ ನೋಡ್ತೀಯ? ಹೆಣ್ ನೋಡಾಕ್ ಹೋದೋನ್ ನೋಡ್ದಂಗೆ ನೋಡ್ತೀಯಲ್ಲಾ," ಎಂದಳು ಗಿರಿಯಮ್ಮ.

ಗಿರಿಯಮ್ಮನದು ಅವನ ಬಲಪಕ್ಕದ ನಾಲ್ಕನೆಯ ಹಾಸಿಗೆ. ಪಾವಗಡದಾಚೆ ನಿಡುಗಲ್ಲಿನ ಕಡೆಯ ಕುರಿ ಸಾಕುವ ಮನೆಯವಳು, ಅರವತ್ತೈದು ದಾಟಿದವಳು. ಪಾವಗಡದ ಆಸ್ಪತ್ರೆಯ ಡಯಾಲಿಸಿಸ್ಸಿಗೆ ಸರತಿ ಇನ್ನೂ ಬಾರದ್ದರಿಂದ ಎರಡು ಬಸ್ಸು ಬದಲಾಯಿಸಿ ಮಧುಗಿರಿಗೆ ಬರುತ್ತಿದ್ದಳು. ಗಂಡ ಕ್ಯಾತಪ್ಪ ಹೊರಗೆ ಬೆಂಚಿನ ಮೇಲೆ ಕಂಬಳಿ ಮಡಿಸಿಟ್ಟುಕೊಂಡು ಕೂತಿರುತ್ತಿದ್ದ.

"ಆಟ ಆಡೋ ಡಬ್ಬಿ ಅಜ್ಜಿ."

"ಹುಡುಗ್ರುಗಾ?"

"ನಂಗೇ."

ಗಿರಿಯಮ್ಮ ನಗಲಿಲ್ಲ. "ತಗಳಪ್ಪ ಮತ್ತೆ. ನೋಡ್ತಾ ನೋಡ್ತಾ ಹಳೇದಾಗೋಯ್ತದೆ," ಎಂದು ಕಣ್ಣು ಮುಚ್ಚಿಕೊಂಡಳು.

ತೆಗೆದುಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಬೆಲೆ ಏಳು ಸಾವಿರದ ಆಸುಪಾಸು. ಅದು ದೊಡ್ಡದೇ, ಆದರೆ ಅಡ್ಡಿ ಅದಲ್ಲ. ಕೂದಲು ಬೆಳ್ಳಗಾಗುತ್ತಿರುವ ಸರ್ಕಾರಿ ನೌಕರ ಮಕ್ಕಳಾಟದ ಸಾಮಾನು ತರಿಸಿದ ಎಂದು ಯಾರಾದರೂ ಆಡಿಕೊಂಡಾರೆಂಬ ಸಂಕೋಚವಿತ್ತು, ಅದೂ ಅಲ್ಲ. ನಿಜವಾದ ಅಡ್ಡಿಯನ್ನು ಅವನು ಒಂದು ಭಾನುವಾರ ಅವರೆಕಾಳು ಬಿಡಿಸುತ್ತಿದ್ದ ಹೆಂಡತಿ ದಿವ್ಯಳ ಮುಂದೆ ಬಾಯಿಬಿಟ್ಟ.

ದಿವ್ಯ ಅಂಗನವಾಡಿ ಕಾರ್ಯಕರ್ತೆ. ದಿನವಿಡೀ ಇಪ್ಪತ್ತು ಮಕ್ಕಳ ಗಲಾಟೆ ಕೇಳಿ ಬಂದವಳಿಗೆ ಮನೆಯಲ್ಲಿ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ. "ತಗೊಳ್ರೀ, ಅದಕ್ಕೇನು? ನಾಲ್ಕು ಗಂಟೆ ಸೂರು ನೋಡ್ಕೊಂಡು ಮಲಗೋದಕ್ಕಿಂತ ವಾಸಿ," ಎಂದಳು.

ಅವಳು ಅಷ್ಟು ಬೇಗ ಒಪ್ಪಿದ್ದು ಅವನಿಗೆ ಸರಿಬರಲಿಲ್ಲ. "ತಗೊಂಡ ಮೇಲೆ ಕಿಡ್ನಿ ಸಿಕ್ಕಿಬಿಟ್ರೆ?"

"ಸಿಕ್ಕಿದ್ರೆ ಒಳ್ಳೇದೇ ಆಯ್ತಲ್ಲ. ಡಬ್ಬಿ ಯಾರಿಗಾದ್ರೂ ಕೊಟ್ರಾಯ್ತು."

"ಹಂಗಲ್ಲ ದಿವ್ಯ." ಅವನು ಒಂದು ಅವರೆಕಾಯಿ ತೆಗೆದುಕೊಂಡು ಸುಮ್ಮನೆ ಹಿಸುಕಿದ. "ಅಲ್ಲಿಗೆ ಅಂತಲೇ ಒಂದು ಸಾಮಾನು ಕೊಂಡ್ರೆ, ಇನ್ಮೇಲೆ ಅಲ್ಲೇ ಇರ್ತೀನಿ ಅಂತ ನಾನೇ ಬರ್ಕೊಟ್ಟಂಗೆ ಆಗಲ್ವಾ? ರೈಲ್ವೆ ಸ್ಟೇಷನ್ನಲ್ಲಿ ಯಾರಾದ್ರೂ ಮಂಚ ತರಿಸ್ತಾರಾ?"

ದಿವ್ಯಳ ಕಿಡ್ನಿ ಅವನಿಗೆ ಹೊಂದಿರಲಿಲ್ಲ. ಅವನ ಅಣ್ಣನಿಗೆ ಸಕ್ಕರೆ ಕಾಯಿಲೆ. ಸತ್ತವರು ದಾನ ಕೊಟ್ಟ ಕಿಡ್ನಿಗೆ ಕಾಯುವವರ ಬೆಂಗಳೂರಿನ ಪಟ್ಟಿಯಲ್ಲಿ ಗೋಪಾಲನ ಹೆಸರು ಬರೆಸಿ ಒಂದೂಮುಕ್ಕಾಲು ವರ್ಷವಾಗಿತ್ತು. ಬಿಡಿಸಿದ ಕಾಳನ್ನು ಅವಳು ಬಟ್ಟಲಿನಲ್ಲಿ ಅಲ್ಲಾಡಿಸಿ ಸಮ ಮಾಡಿದಳು.

"ಒಂದ್ಸಲ ಕೈಯಲ್ಲಿ ಹಿಡಿದಾದ್ರೂ ನೋಡಿ," ಎಂದಳು ಕೊನೆಗೆ. "ಇಷ್ಟ ಆಗದೇ ಇದ್ರೆ ಈ ಯೋಚನೆನಾದ್ರೂ ತಪ್ಪುತ್ತೆ."

ಹಿಡಿದು ನೋಡಲು ಇದ್ದದ್ದು ಒಂದೇ ಜಾಗ, ಶಿರಾದಲ್ಲಿ ಸುಹೇಲನ ಅಂಗಡಿ. ಗೋಪಾಲ ಹುಲಿಕುಂಟೆ ಕಡೆಯವನು, ಹೈಸ್ಕೂಲು ಓದಿದ್ದು ಶಿರಾದಲ್ಲಿ. ಆಗ ಸುಹೇಲನ ತಂದೆ ಫಕ್ರುದ್ದೀನ್ ಸಾಹೇಬರು ಒಂದು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಮೂರು ಟೀವಿ, ಮೂರು ಮಣೆ, ಹತ್ತು ನಿಮಿಷಕ್ಕೆ ಒಂದು ರೂಪಾಯಿ. ಸುಹೇಲ್ ಗೋಪಾಲನ ತರಗತಿಯವನು. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಅಂಥದೊಂದು ಡಬ್ಬಿಯನ್ನು ತನಗಾಗಿ ತರಿಸಿಕೊಂಡಿರುವುದಾಗಿ ಅವನೇ ಫೋನಿನಲ್ಲಿ ಹೇಳಿದ್ದ.

ಮುಂದಿನ ಭಾನುವಾರ ಗೋಪಾಲ ಶಿರಾ ಬಸ್ಸು ಹತ್ತಿದ. ಒಂದು ಗಂಟೆಯ ದಾರಿಗೆ ಅವನು ಮೂರು ಸಲ ನಿದ್ದೆಹೋಗಿ ಎದ್ದ.

"ಅರೆ, ಬಾರೋ ಗೋಪಾಲ! ಏನ್ ಯಾರ್, ಇಷ್ಟ್ ಸೊರಗ್ಬುಟ್ಟಿದೀಯ?" ಸುಹೇಲ್ ಸ್ಟೂಲಿನ ಮೇಲಿದ್ದ ಬಿಚ್ಚಿದ ಫೋನುಗಳನ್ನು ಸರಿಸಿ ಜಾಗ ಮಾಡಿದ. ಚಾಯ್ ತರಿಸಲು ಹೊರಟವನು ನೆನಪಾಗಿ ನಿಂತ. "ಕುಡೀಬೋದಾ?"

"ಅರ್ಧ ಲೋಟ."

ಡಬ್ಬಿ ಕೈಗೆ ಬಂತು. ವಿಡಿಯೋಗಳಲ್ಲಿ ಕಂಡದ್ದಕ್ಕಿಂತ ಚಿಕ್ಕದು, ಹಗುರ. ಒಂದು ಹಳೆಯ ಆಟ ಹಾಕಿಕೊಟ್ಟ ಸುಹೇಲ್: ಬೆನ್ನಿಗೆ ಗಂಟು ಕಟ್ಟಿಕೊಂಡ ಸಣ್ಣ ಮನುಷ್ಯನೊಬ್ಬ ಹಳ್ಳ ಹಾರಿ, ಹಾವು ದಾಟಿ, ಹಣ್ಣು ಆಯ್ದುಕೊಂಡು ಹೋಗುತ್ತಲೇ ಇರಬೇಕು. ಗೋಪಾಲ ಎರಡೂ ಕೈಯಲ್ಲಿ ಹಿಡಿದ. ಮೊದಲ ಹಳ್ಳ ಎಲ್ಲಿ ಬರುತ್ತದೆಂದು ಅವನಿಗೆ ನೆನಪಿರಲಿಲ್ಲ, ಹೆಬ್ಬೆರಳಿಗೆ ನೆನಪಿತ್ತು. ಒಂದು, ಎರಡು, ಮೂರು ಹಂತ ದಾಟಿದ. ನಾಲ್ಕನೆಯದರಲ್ಲಿ ಬಿದ್ದ. ಎಷ್ಟೋ ತಿಂಗಳ ಮೇಲೆ ಅವನಿಗೆ ತನ್ನ ದೇಹ ಸರಿಯಾಗಿ ಮಾಡಿದ ಕೆಲಸವೊಂದನ್ನು ಕಂಡಂತಾಯಿತು.

"ಫೋನಲ್ಲೇ ಹಾಕ್ಕೊಡ್ತೀನಿ ಕಣೋ, ಪುಕ್ಸಟ್ಟೆ. ಇದ್ಯಾಕೆ ನಿಂಗೆ?" ಎಂದ ಸುಹೇಲ್.

"ಫೋನ್ ಬ್ಯಾಡ. ಫೋನ್ ತೆಗುದ್ರೆ ರಕ್ತದಲ್ಲಿ ಕ್ರಿಯೇಟಿನಿನ್ ಎಷ್ಟಾಯ್ತು ಅಂತ ಕೇಳೋರು, ಬಾಳೆದಿಂಡಿನ ರಸ ಕುಡಿ ಅನ್ನೋರು. ಗಾಜು ಉಜ್ಜೀ ಉಜ್ಜೀ ಸಾಕಾಗೈತೆ. ಇದ್ರಲ್ಲಿ ಒತ್ತಿದ್ರೆ ಒತ್ತಿದಂಗೆ ಆಗ್ತದೆ."

ಸುಹೇಲ್ ಅವನ ಎಡಗೈ ನೋಡಿದ. ಮೊಣಕೈಯ ಒಳಗಡೆ, ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ ಹಗ್ಗದಂತೆ ಉಬ್ಬಿತ್ತು. "ಸೂಜಿ ಹಾಕೋದು ಈ ಕೈಗಲ್ವಾ? ಮತ್ತೆ ಹೆಂಗೋ ಆಡ್ತೀಯ? ಎರಡು ಕೈ ಬೇಕಲ್ಲ."

ಐದು ತಿಂಗಳು ಅಷ್ಟೊಂದು ವಿಡಿಯೋ ನೋಡಿದವನಿಗೆ ಈ ಮಾತು ಹೊಳೆಯದೆ ಇರಲಿಲ್ಲ; ಅದನ್ನು ಅವನು ಪಕ್ಕಕ್ಕೆ ತಳ್ಳುತ್ತಲೇ ಬಂದಿದ್ದ. "ಬೆರಳು ಆಡ್ತವೆ. ತೋಳು ಅಲುಗಿಸ್ದಂಗೆ ನೋಡ್ಬೇಕು," ಎಂದ.

"ನೋಡು ಮತ್ತೆ. ಎರಡು ವಾರ ಇಟ್ಕೋ. ಆಮೇಲೆ ಬೇಕಾ ಬ್ಯಾಡ್ವಾ ನೀನೇ ಹೇಳು." ಸುಹೇಲ್ ಅದನ್ನು ಒಂದು ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿಟ್ಟು ಕೊಟ್ಟ.

ಸೋಮವಾರ ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಯ ಮೇಲೆ ಗೋಪಾಲ ಡಬ್ಬಿ ತೆಗೆದ. ಎಡಗೈಯ ಬೆರಳುಗಳಿಗೆ ತಾಕುವಂತೆ ಅದನ್ನು ಹೊಟ್ಟೆಯ ಮೇಲೆ ವಾಲಿಸಿಟ್ಟು, ಬಲಗೈಯನ್ನು ಅಡ್ಡ ತಂದ. ಮೊದಲನೇ ಹಳ್ಳ ಹಾರಿಯಾಯಿತು. ಎರಡನೆಯದಕ್ಕೆ ಅವನಿಗೇ ಗೊತ್ತಿಲ್ಲದೆ ಮೊಣಕೈ ಮಡಚಿಕೊಂಡಿತು. ಯಂತ್ರ ಕೂಗಿಕೊಂಡಿತು. ಕೆಂಪು ದೀಪ ಹತ್ತಿತು. ಆಚೆ ಹಾಸಿಗೆಯಲ್ಲಿದ್ದವರು ತಲೆ ಎತ್ತಿದರು.

ಟೆಕ್ನಿಷಿಯನ್ ಮಾನಸ ಓಡಿಬಂದಳು. ಇಪ್ಪತ್ತೇಳು ವರ್ಷದ ಹುಡುಗಿ, ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಸೂಜಿ ಸರಿಮಾಡಿ, ಕೈಯನ್ನು ನೇರ ಮಾಡಿ, ತೋಳಿನ ಕೆಳಗೆ ದಿಂಬು ಒತ್ತಿದಳು. "ಗೋಪಾಲಣ್ಣ, ಸೂಜಿ ಈಚೆ ಬಂದಿದ್ರೆ ಹಾಸಿಗೆ ತುಂಬಾ ರಕ್ತ. ಚಿಕ್ಕ ಮಕ್ಕಳಿಗೆ ಹೇಳಿದಂಗೆ ಹೇಳ್ಬೇಕಾ ನಿಮಗೆ?"

"ಇಲ್ಲಮ್ಮ. ತಪ್ಪಾಯ್ತು."

ಡಬ್ಬಿ ಕನ್ನಡಕದ ಪೆಟ್ಟಿಗೆ ಸೇರಿತು. ಉಳಿದ ಮೂರೂವರೆ ಗಂಟೆ ಗೋಪಾಲ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಐದು ತಿಂಗಳ ಯೋಚನೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿತ್ತು. ಹಗುರಾಗಬೇಕಿತ್ತು, ಆಗಲಿಲ್ಲ. ಗಿರಿಯಮ್ಮ ಎಲ್ಲವನ್ನೂ ನೋಡಿದ್ದಳು, ಏನೂ ಹೇಳಲಿಲ್ಲ.

ಹೇಳಿದ್ದು ಗುರುವಾರ. ಅವಳಿಗೆ ಮೊದಲು ಎಡಗೈಗೆ ಮಾಡಿದ್ದ ಆಪರೇಷನ್ ಕೆಟ್ಟುಹೋಗಿ, ಬಲಗೈಗೆ ಮಾಡಿದ್ದರು. ಸೂಜಿ ಹಾಕಿಸಿಕೊಂಡು ಮಲಗಿ, ಸೂರು ನೋಡುತ್ತಾ ಅವಳು ಕೇಳಿದಳು: "ಮಗ, ನಿಂಗೆ ಬಲಗೈ ಖಾಲಿ ಅಲ್ವಾ?"

"ಹ್ಞೂಂ ಅಜ್ಜಿ."

"ನಂಗೆ ಎಡಗೈ ಖಾಲಿ. ಇಬ್ರುದೂ ಸೇರ್ಸಿದ್ರೆ ಒಂದಾಳ್ ಆಯ್ತದಲ್ಲಾ. ಅದುನ್ನ ಇಲ್ಲಿ ಮಡುಗು."

ಇಬ್ಬರ ಹಾಸಿಗೆಗಳ ನಡುವೆ ಔಷಧಿ ಇಡುವ ಎತ್ತರದ ಟೇಬಲ್ ಇತ್ತು. ಗೋಪಾಲನಿಗೆ ನಗು ಬಂತು. ಎಷ್ಟು ಹೇಳಿದರೂ ಅವಳು ಬಿಡಲಿಲ್ಲ. "ಲೇ, ಮೂರು ನೂರು ಕುರಿ ಹಿಂದೆ ನಡ್ದೋಳು ಕಣ್ಲಾ ನಾನು. ಒಂದ್ ಗುಂಡಿ ಒತ್ತಾಕಾಗಕಿಲ್ವಾ?" ಕೊನೆಗೆ ಮಾನಸಳೇ ಬಂದು, ಇಬ್ಬರ ಸೂಜಿಯ ಕೈಗಳೂ ಆಚೆಕಡೆ ನೇರವಾಗಿರುವುದನ್ನು ನೋಡಿ, ಡಬ್ಬಿಯ ಹಿಂದೆ ಹತ್ತಿಯ ಉಂಡೆ ಒತ್ತಿ ಅದು ಜಾರದಂತೆ ನಿಲ್ಲಿಸಿಕೊಟ್ಟಳು. ಡಬ್ಬಿಯ ಎಡಬದಿ ಗೋಪಾಲನ ಬಲಗೈಗೆ ಬಂತು, ಬಲಬದಿ ಗಿರಿಯಮ್ಮನ ಎಡಗೈಗೆ. ಅವನು ಮನುಷ್ಯನನ್ನು ನಡೆಸಬೇಕು, ಅವಳು ಹಾರಿಸಬೇಕು.

"ನಾನು ಹಾರ್ಸು ಅಂದಾಗ ಈ ಗುಂಡಿ ಒತ್ತು ಅಜ್ಜಿ."

"ನೀ ಯಾಕೆ ಅನ್ಬೇಕು? ನಂಗೆ ಕಣ್ಣು ಕಾಣ್ಸಕಿಲ್ವಾ?"

ಕಣ್ಣು ಕಾಣಿಸುತ್ತಿತ್ತು, ಆದರೆ ಆತುರ. ಹಳ್ಳ ಇನ್ನೂ ಮಾರು ದೂರವಿರುವಾಗಲೇ ಅವಳು ಹಾರಿಸಿಬಿಡುತ್ತಿದ್ದಳು. ಆ ಸಣ್ಣ ಮನುಷ್ಯ ಬಯಲಿನಲ್ಲಿ ಸುಮ್ಮನೆ ಕುಪ್ಪಳಿಸಿ, ನೆಲ ಮುಟ್ಟಿ, ಮುಂದಿನ ಹೆಜ್ಜೆಗೆ ಹಳ್ಳಕ್ಕೆ ಬೀಳುತ್ತಿದ್ದ.

"ಅಯ್ಯೋ ದೇವುಡಾ, ಬಿದ್ದೋದ್ನಲ್ಲೋ ನಮ್ ಹೈದ!"

"ನೀನೇ ಬೀಳ್ಸಿದ್ದು ಅಜ್ಜಿ."

"ನೀನು ನಿಧಾನ ಮಾಡ್ದೆ. ಕುರಿ ಹಳ್ಳ ದಾಟೋವಾಗ ಹಿಂದ್ಲಿಂದ ಒಂದೇ ಸಮ್ನೆ ನೂಕ್ಬೇಕು. ನೀನು ನಿಂತ್ಕಂಡು ಯೋಚ್ನೆ ಮಾಡ್ತೀಯ."

ಆ ಬೆಳಿಗ್ಗೆ ಅವರು ಮೂವತ್ತಕ್ಕೂ ಹೆಚ್ಚು ಸಲ ಬಿದ್ದರು. ಹತ್ತು ಗಂಟೆಯ ಹೊತ್ತಿಗೆ ಗಿರಿಯಮ್ಮನ ಕಾಲಿನ ಮೀನಖಂಡ ಹಿಡಿದುಕೊಂಡಿತು. ಯಂತ್ರ ದೇಹದಿಂದ ನೀರು ತೆಗೆಯುವಾಗ ಹಾಗಾಗುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡಳು; ಮಾನಸ ಬಂದು ಕಾಲು ತಿಕ್ಕಿದಳು. ಗೋಪಾಲ ಡಬ್ಬಿ ಆರಿಸಿದ. ಸ್ವಲ್ಪ ಹೊತ್ತಿನ ಮೇಲೆ ಗಿರಿಯಮ್ಮ, ಬೆವರಿದ ಮುಖದಲ್ಲೇ, "ಹಚ್ಚು ಮತ್ತೆ," ಎಂದಳು. "ಅವ್ನನ್ನ ಅಲ್ಲೇ ಹಳ್ಳದಲ್ಲಿ ಬುಟ್ಬುಟ್ಟು ಹೋಗಾಕಾಯ್ತದಾ?"

ಮುಂದಿನ ವಾರದ ಎರಡು ದಿನವೂ ಹಾಗೇ ನಡೆಯಿತು. ಎರಡನೆಯ ಹಂತ ದಾಟಿದರು. ಮೂರನೆಯದೂ ಒಮ್ಮೆ ಆಯಿತು. ಆಟದ ನಡುವೆ ಅವಳು ತನ್ನ ಮನೆಯ ಮಾತಾಡುತ್ತಿದ್ದಳು. ಹೊಲವನ್ನು ಸೋಲಾರಿನವರಿಗೆ ಗುತ್ತಿಗೆ ಕೊಟ್ಟದ್ದು, ಕುರಿ ಮೇಯುವ ಜಾಗದಲ್ಲಿ ಈಗ ಗಾಜಿನ ಹಲಗೆ ಸಾಲಾಗಿ ನಿಂತಿದ್ದು, ಆ ಹಲಗೆಗಳ ನೆರಳಿನಲ್ಲಿ ಮಲಗಲು ಕುರಿಗಳೇ ಬೇಲಿ ನುಸುಳಿ ಹೋಗುವುದು. ಗೋಪಾಲ ಶಾಲೆಯ ಮಾತು ಹೇಳುತ್ತಿದ್ದ. ನಾಲ್ಕು ಗಂಟೆ ನಾಲ್ಕು ಗಂಟೆಯೇ; ಸಣ್ಣದೇನೂ ಆಗಲಿಲ್ಲ. ಸೂಜಿ ತೆಗೆದ ಮೇಲಿನ ಸುಸ್ತೂ ಅಷ್ಟೇ ಇತ್ತು, ಬಹುಶಃ ಒಂದು ಗುಂಜಿ ಹೆಚ್ಚೇ. ಆದರೆ ಗೋಡೆಯ ಗಡಿಯಾರ ನೋಡುವುದು ಕಡಿಮೆಯಾಗಿತ್ತು.

ಎರಡು ವಾರ ತುಂಬಿತು. ಕೆಲಸದ ಮೇಲೆ ಮಧುಗಿರಿಗೆ ಬಂದಿದ್ದ ಸುಹೇಲ್ ಡಬ್ಬಿ ವಾಪಸು ತೆಗೆದುಕೊಳ್ಳುತ್ತಾ ಕೇಳಿದ: "ಏನಾಯ್ತು? ತಗೋತೀಯಾ?"

"ಒಂದ್ ಕೈಲಿ ಆಗಲ್ಲ ಕಣೋ. ಪಕ್ಕದ ಅಜ್ಜಿ ಒತ್ತಿದ್ರೆ ಆಗ್ತದೆ."

"ಹಂಗಾದ್ರೆ ತಗೋ."

"ಅಜ್ಜಿ ಎಷ್ಟ್ ದಿನ ಇರ್ತಾಳೆ, ನಾನ್ ಎಷ್ಟ್ ದಿನ ಇರ್ತೀನಿ. ನೋಡಣ."

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನಿಂದ ಫೋನು ಬಂತು. ಪಟ್ಟಿ ನೋಡಿಕೊಳ್ಳುವ ಹೆಂಗಸು. ಒಂದು ಕಿಡ್ನಿ ಸಿಗುವ ಸಂಭವವಿದೆ, ಏನೂ ತಿನ್ನದೆ, ಕುಡಿಯದೆ ಹೊರಟು ಬನ್ನಿ. ಆದರೆ ನಿಮ್ಮೊಬ್ಬರನ್ನೇ ಕರೆದಿಲ್ಲ, ಮೂವರನ್ನು ಕರೆದಿದ್ದೇವೆ, ಯಾರಿಗೆ ಚೆನ್ನಾಗಿ ಹೊಂದುತ್ತದೋ ಅವರಿಗೆ ಎಂದು ಸ್ಪಷ್ಟವಾಗಿ ಹೇಳಿದಳು. ಗೋಪಾಲ ಮೊದಲ ಅರ್ಧ ಕೇಳಿಸಿಕೊಂಡ, ಎರಡನೆಯ ಅರ್ಧವನ್ನು ದಿವ್ಯ ಕೇಳಿಸಿಕೊಂಡಳು. ಪರಿಚಯದವರ ಕಾರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ಎಲ್ಲಿ ಆಸೆ ಕಂಡುಬಿಡುತ್ತದೋ ಎಂಬಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹೊಂದಾಣಿಕೆ ನೋಡಲು ರಕ್ತ ತೆಗೆದುಕೊಂಡರು. ಒಂದು ಉದ್ದನೆಯ ಬೆಂಚಿನಲ್ಲಿ ಮೂರು ಮನೆಯವರು ಕೂತರು. ಒಬ್ಬ ಅಂಗಡಿಯಾತ, ಗೋಪಾಲ, ಮತ್ತು ಇಪ್ಪತ್ತೆರಡರ ಒಬ್ಬ ಹುಡುಗಿ. ಹುಡುಗಿಯ ತಾಯಿ ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ, ಬೆಳಿಗ್ಗೆ ಫೋನು ಮಾಡಿದ್ದ ಹೆಂಗಸು ಬಂದು ಹುಡುಗಿಯ ತಾಯಿಯನ್ನು ಒಳಗೆ ಕರೆದಳು. ಒಳಗಿನಿಂದ ಅಳು ಕೇಳಿಸಿತು. ಅದು ಎಂಥ ಅಳುವೆಂದು ಬೆಂಚಿನಲ್ಲಿದ್ದವರಿಗೆಲ್ಲ ತಿಳಿಯಿತು.

ಗೋಪಾಲನಿಗೆ ಮೊದಲು ಬಂದದ್ದು ದುಃಖವಲ್ಲ. ಇವತ್ತು ಹೊಟ್ಟೆ ಕೊಯ್ಯುವುದಿಲ್ಲ, ಮನೆಗೆ ಹೋಗಿ ಮಲಗಬಹುದು ಅನ್ನುವ ಸಮಾಧಾನ. ಅದಕ್ಕೆ ನಾಚಿಕೆಯಾಯಿತು. ಬೆಳಗಿನ ಕಾರು ಆಗಲೇ ವಾಪಸಾಗಿತ್ತು. ದುಃಖ ಆಮೇಲೆ, ಬಸ್ಸು ಹತ್ತಿದ ಮೇಲೆ ಬಂತು, ಅದೂ ನಿಧಾನವಾಗಿ.

ಕೊರಟಗೆರೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ದಿವ್ಯ ಇಳಿದು ಹೋಗಿ ನಾಲ್ಕು ಇಡ್ಲಿ ಕಟ್ಟಿಸಿಕೊಂಡು ಬಂದಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ. ಎರಡು ಇಡ್ಲಿ ತಿಂದು ಕೈ ಒರೆಸಿಕೊಳ್ಳುತ್ತಾ ಗೋಪಾಲ ಹೇಳಿದ:

"ಆ ಡಬ್ಬಿ ತಗೋತೀನಿ ದಿವ್ಯ."

ಅವಳು ಅವನ ಕಡೆ ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಆದರೆ ಅಳಲಿಲ್ಲ.

"ಯಾವ ಬಣ್ಣ?" ಎಂದಳು.

ಬಸ್ಸು ಹೊರಟಿತು. ಚನ್ನರಾಯನದುರ್ಗದ ಬೆಟ್ಟ ಕಾಣುವಷ್ಟರಲ್ಲಿ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ಬಣ್ಣ ಆರಿಸುತ್ತಿದ್ದರು. ಬೂದು, ಬಿಳಿ, ಒಳಗಿನ ತಂತಿಯೆಲ್ಲ ಕಾಣುವ ತಿಳಿ ನೇರಳೆ. ದಿವ್ಯ ನೇರಳೆ ಎಂದಳು. ಅವನು ಒತ್ತಿದ. ಬಂದು ಸೇರಲು ಇಪ್ಪತ್ತೈದು ದಿನ ಎಂದು ಬರೆದಿತ್ತು.

ಗುರುವಾರ, ಸೂಜಿ ಹಾಕುವ ಮುಂಚೆ ಅವನ ತೂಕ ನೋಡಿ ಮುಗಿಯುವುದನ್ನೇ ಕಾದಿದ್ದವಳಂತೆ ಗಿರಿಯಮ್ಮ ಕೇಳಿದಳು. "ಬೆಂಗ್ಳೂರಿಗೆ ಹೋಗಿದ್ಯಂತೆ. ಆ ಹುಡ್ಗಿ ಮಾನಸ ಅಂದ್ಲು."

"ಹೋಗಿದ್ದೆ. ಬೇರೆಯೋರ್ಗೆ ಆಯ್ತು."

"ಯಾರ್ಗೆ?"

"ಇಪ್ಪತ್ತೆರಡು ವರ್ಷದ ಹುಡ್ಗಿ."

"ಅದಾದ್ರೂ ಬದುಕ್ಲಿ," ಎಂದಳು ಗಿರಿಯಮ್ಮ. ಆಮೇಲೆ, "ನಿಂಗೂ ಆಗ್ಬೇಕಾಗಿತ್ತು ಕಣಪ್ಪ. ಅದುನ್ನೂ ಹೇಳ್ತೀನಿ." ಡಬ್ಬಿ ತರಿಸುತ್ತಿದ್ದೇನೆಂದು ಅವನು ಹೇಳಿದಾಗ ಅವಳ ಮುಖ ಅರಳಿತು, ಮತ್ತೆ ಮಂಕಾಯಿತು. ಅವರ ಕಡೆಯಿಂದ ಹಿಂದಿನ ದಿನವೇ ಸುದ್ದಿ ಬಂದಿತ್ತು. ಮುಂದಿನ ತಿಂಗಳಿಂದ ಪಾವಗಡದಲ್ಲೇ ಅವಳಿಗೊಂದು ಹಾಸಿಗೆ. ಒಂದೇ ಬಸ್ಸು, ಮುಕ್ಕಾಲು ಗಂಟೆ. ಕ್ಯಾತಪ್ಪ ಹೊರಗಿನ ಬೆಂಚಿನಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಿದ್ದ.

"ಒಳ್ಳೇದಾಯ್ತು ಅಜ್ಜಿ. ಎಷ್ಟ್ ಸುಸ್ತಾಗ್ತಿತ್ತು ನಿಂಗೆ."

"ಒಳ್ಳೇದೇ ಆಯ್ತು," ಎಂದಳು ಅವಳು. ಅವನೂ ಮನಸ್ಸಿನಿಂದಲೇ ಹೇಳಿದ್ದ. ಆದರೂ ಆ ಬೆಳಿಗ್ಗೆ ಇಬ್ಬರ ಕಣ್ಣೂ ಮತ್ತೆ ಗೋಡೆಯ ಗಡಿಯಾರದ ಕಡೆಗೇ ಹೋಗುತ್ತಿತ್ತು.

ಪಾರ್ಸೆಲ್ ಇಪ್ಪತ್ತೈದು ದಿನಕ್ಕೆ ಬರಲಿಲ್ಲ, ಇಪ್ಪತ್ತೊಂಬತ್ತಕ್ಕೆ ಬಂತು. ಗಿರಿಯಮ್ಮನಿಗೆ ಮಧುಗಿರಿಯಲ್ಲಿ ಉಳಿದಿದ್ದುದು ಒಂದೇ ಗುರುವಾರ. ಬುಧವಾರ ಸಂಜೆ ಗೋಪಾಲ ಫೋನು ಹಚ್ಚಿ, ಸುಹೇಲನನ್ನು ಕೇಳಿ ಕೇಳಿ, ಆಟ ತುಂಬಿಸಿದ. ಗುರುವಾರ ಟೇಬಲ್ಲಿನ ಮೇಲೆ ನೇರಳೆ ಡಬ್ಬಿ ನಿಂತಿತು. ಒಳಗಿನ ತಂತಿಗಳು ಕಾಣುವುದನ್ನು ನೋಡಿ ಗಿರಿಯಮ್ಮ, "ಇದ್ರುದೂ ನರ ಕಾಣ್ತವಲ್ಲ, ನಮ್ ಕೈ ಇದ್ದಂಗೆ," ಎಂದಳು.

ಆ ದಿನ ಅವರು ಮೂರು ಹಂತ ದಾಟಿದರು. ನಾಲ್ಕನೆಯದರಲ್ಲಿ ಒಂದು ದೊಡ್ಡ ಹಳ್ಳ ಬರುತ್ತಿತ್ತು, ನಡುವೆ ತೇಲುವ ಹಲಗೆ. ಗೋಪಾಲ ಈ ಸಲ ನಿಂತು ಯೋಚನೆ ಮಾಡಲಿಲ್ಲ, ಒಂದೇ ಸಮನೆ ನಡೆಸಿದ. ಗಿರಿಯಮ್ಮ ಈ ಸಲ ಆತುರಪಡಲಿಲ್ಲ, ಕಾದಳು. ಮನುಷ್ಯ ಹಾರಿ ಹಲಗೆಯ ಮೇಲೆ ಇಳಿದ. ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು. ಆ ಖುಷಿಯಲ್ಲಿ ಇಬ್ಬರಿಗೂ ಮುಂದಿನ ಗುಂಡಿ ಒತ್ತುವುದು ಮರೆತು, ಹಲಗೆ ಮುಳುಗಿ, ಅವನು ನೀರಿಗೆ ಹೋದ. ಗಿರಿಯಮ್ಮ ನಕ್ಕ ರಭಸಕ್ಕೆ ಈ ಬಾರಿ ಅವಳ ಯಂತ್ರ ಕೂಗಿತು. ಮಾನಸ ಬೈಯುತ್ತಲೇ ಬಂದಳು.

ಹನ್ನೊಂದೂವರೆಗೆ ಸೂಜಿ ತೆಗೆಸಿಕೊಂಡು, ಹತ್ತಿ ಒತ್ತಿಕೊಂಡು, ಅವಳು ಎದ್ದು ನಿಂತಳು. "ಬತ್ತೀನಿ ಮಗ. ನೀರು ಕಮ್ಮಿ ಕುಡಿ," ಎಂದಳು. ಕ್ಯಾತಪ್ಪ ಅವಳ ಚೀಲ ಹೊತ್ತುಕೊಂಡ. ಬಾಗಿಲಲ್ಲಿ ಅವಳು ತಿರುಗಿ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಸೋಮವಾರ ನಾಲ್ಕನೆಯ ಹಾಸಿಗೆಗೆ ಬೇರೊಬ್ಬರು ಬಂದರು. ಗಂಗಯ್ಯ ಅಂತ, ಕೊರಟಗೆರೆಯ ಕಡೆಯವರು, ಹೊಸಬರು. ಮುಖದ ಮೇಲೆ ಟವೆಲ್ ಎಳೆದುಕೊಂಡು ನಾಲ್ಕು ಗಂಟೆಯೂ ಯಾರೊಡನೆಯೂ ಮಾತಾಡಲಿಲ್ಲ. ಹೊಸದರಲ್ಲಿ ಗೋಪಾಲನೂ ಹಾಗೇ ಇದ್ದ. ಅವನು ಅವರಿಗೆ ತೊಂದರೆ ಕೊಡಲಿಲ್ಲ. ಡಬ್ಬಿ ಚೀಲದಲ್ಲೇ ಉಳಿಯಿತು. ಆ ವಾರವೂ, ಅದರ ಮುಂದಿನ ವಾರವೂ.

ಸುಹೇಲ್ ಒಂದು ದಿನ ಫೋನು ಮಾಡಿದಾಗ ಗೋಪಾಲ ಇದ್ದದ್ದನ್ನು ಹೇಳಿದ. "ಅರೆ ಪಾಗಲ್, ಓಡೋ ಆಟ ಒಂದೇನಾ ಇರೋದು?" ಎಂದ ಸುಹೇಲ್. "ಚೆಸ್ ಹಾಕ್ಕೋ. ಇಸ್ಪೀಟ್ ಹಾಕ್ಕೋ. ನೀನ್ ಒತ್ತೋ ತನಕ ಅವು ಸುಮ್ನೆ ನಿಂತಿರ್ತವೆ. ಗುಂಡೀನೂ ಬಲಗಡೆಗೇ ಬರಂಗೆ ಬದಲಾಯಿಸ್ಬೋದು." ಹೇಗೆಂದು ಹಂತಹಂತವಾಗಿ ಹೇಳಿಕೊಟ್ಟ. ಎಡಗಡೆಯ ಗುಂಡಿಯ ಕೆಲಸವನ್ನೆಲ್ಲ ಬಲಗಡೆಯ ಗುಂಡಿಗಳಿಗೆ ಹಂಚಲು ಗೋಪಾಲನಿಗೆ ಒಂದು ಸಂಜೆ ಹಿಡಿಯಿತು.

ಗುರುವಾರ ಅವನು ಡಬ್ಬಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಲಗೈಯ ಹೆಬ್ಬೆರಳೊಂದರಲ್ಲೇ ಚೆಸ್ ಶುರುಮಾಡಿದ. ಎಂಟು ನಡೆಯ ಹೊತ್ತಿಗೆ ಕುದುರೆ ಕಳೆದುಕೊಂಡ. ಹೊರಗಿನ ಬೆಂಚಿನಿಂದ ಯಾರದೋ ಕೆಮ್ಮು ಕೇಳಿಸುತ್ತಿತ್ತು. ಬೆಳಿಗ್ಗೆ ಕ್ಯಾತಪ್ಪ ಫೋನು ಮಾಡಿದ್ದ. ಗಿರಿಯಮ್ಮನಿಗೆ ಪಾವಗಡದಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿದೆಯೆಂದೂ, ಡಯಾಲಿಸಿಸ್ ಮುಗಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಾಳೆಂದೂ ಹೇಳಿದ್ದ.

ಒಂಬತ್ತನೆಯ ನಡೆಗೆ ಗೋಪಾಲ ಬಹಳ ಹೊತ್ತು ಯೋಚಿಸಿದ. ಆನೆ ನಡೆಸುವುದೋ ಒಂಟೆಯೋ ಎಂದು ನೋಡುತ್ತಿದ್ದಂತೆ ಕಣ್ಣೆವೆ ಭಾರವಾಯಿತು. ಯಾರೂ ಅವಸರ ಮಾಡಲಿಲ್ಲ. ಮಾನಸ ಬಿ.ಪಿ. ನೋಡಲು ಬಂದಾಗ ಅವನು ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ, ಆಟ ಅವನ ನಡೆಗೆ ಕಾಯುತ್ತಿತ್ತು. ಅವಳು ಡಬ್ಬಿಯನ್ನು ಮೆಲ್ಲಗೆ ಎತ್ತಿ ಟೇಬಲ್ಲಿನ ಮೇಲಿಟ್ಟು, ಅವನ ಎಡಗೈ ನೇರವಾಗಿದೆಯೇ ಎಂದು ನೋಡಿ, ಐದನೆಯ ಹಾಸಿಗೆಗೆ ಹೋದಳು.